ಸುನಂದಾಳ ಕೊರಳಿನ ಬಿಲ್ಲೆ

ಗ್ರೀಕರ, ರೋಮನ್ನರ ಸಮಾಧಿಕಲ್ಲುಗಳ ಮೇಲೆ ಪಿಎಚ್.ಡಿ. ಮಾಡುತ್ತೇನೆಂದು ಸುನಂದಾ ಹೇಳಿದಾಗ ಮುದ್ದೇಬಿಹಾಳದ ನಮ್ಮ ಕಾಲೇಜಿನ ಸ್ಟಾಫ್ ರೂಮು ವಾರವಿಡೀ ನಕ್ಕಿತು. ನಾನೂ ನಕ್ಕೆ. ನಮ್ಮ ಜಿಲ್ಲೆಯಲ್ಲಿ ಗೋರಿಗಳಿಗೇನು ಬರವೇ, ಬಸ್ಸು ಹತ್ತಿದರೆ ಸಾಕು, ಬೇಕಾದರೆ ನಾನೇ ತೋರಿಸುತ್ತೇನೆ ಎಂದು ಕಾಡಿಸಿದೆ. ಅವಳು ಸಿಟ್ಟಾಗಲಿಲ್ಲ. ಮೊಬೈಲಿನಲ್ಲಿ ಒಂದು ಕಲ್ಲಿನ ಚಿತ್ರ ತೆಗೆದು ಮುಂದೆ ಹಿಡಿದಳು. ಕುರ್ಚಿಯಲ್ಲಿ ಕೂತ ಹೆಂಗಸು, ಎದುರಿಗೆ ನಿಂತ ಗಂಡ, ಇಬ್ಬರೂ ಕೈ ಹಿಡಿದುಕೊಂಡಿದ್ದಾರೆ.

"ಇಬ್ಬರೊಳಗ ಸತ್ತವರು ಯಾರು ಹೇಳು, ಫಿರದೋಸ."

ನನಗೆ ಗೊತ್ತಾಗಲಿಲ್ಲ.

"ಕೂತಾಕಿ. ಆದ್ರ ನೋಡು, ಇನ್ನೂ ಕೈ ಬಿಟ್ಟಿಲ್ಲ," ಎಂದಳು.

ಸುನಂದಾ ಸಿಂದಗಿ ತಾಲೂಕಿನ ಕನ್ನೊಳ್ಳಿಯವಳು. ಓದು, ನೌಕರಿ ಎಂದು ಮದುವೆ ತಡವಾಗಿ, ಕೊನೆಗೆ ತಾಳಿಕೋಟೆಯ ಬಟ್ಟೆ ವ್ಯಾಪಾರಿ ಕಲ್ಮೇಶನಿಗೆ ಎರಡನೆಯ ಸಂಬಂಧವಾಗಿ ಹೋದಳು. ಅವನ ಮೊದಲ ಹೆಂಡತಿ ಬಾಳಮ್ಮ ಕಾಮಾಲೆಯಾಗಿ ತೀರಿಕೊಂಡಿದ್ದಳು. ಅವರ ಮನೆತನದಲ್ಲಿ ಒಂದು ಪದ್ಧತಿ. ಸತ್ತವಳ ಜಾಗಕ್ಕೆ ಬಂದವಳ ಕೊರಳಿಗೆ, ತಾಳಿಗಿಂತ ಮೊದಲು, ಸತ್ತವಳ ಮುಖ ಮೂಡಿಸಿದ ಬೆಳ್ಳಿ ಬಿಲ್ಲೆ ಕಟ್ಟುತ್ತಾರೆ. ಸತ್ತವಳು ಹೊಟ್ಟೆಕಿಚ್ಚುಪಡಬಾರದಂತೆ. ಹೊಸ ಸೀರೆಯನ್ನು ಮೊದಲು ಬಿಲ್ಲೆಗೆ ತೋರಿಸಬೇಕು. ಊಟಕ್ಕೆ ಕೂತರೆ ಮೊದಲ ತುತ್ತು ಅವಳ ಹೆಸರಿನಲ್ಲಿ ತೆಗೆದಿಡಬೇಕು.

ನನಗಂತೂ ಮೈ ಉರಿಯುತ್ತಿತ್ತು. ಪಾಠ ಮಾಡುವ ಹೆಂಗಸಿಗೆ ಇದೆಂಥ ಗ್ರಹಚಾರ, ಬಿಚ್ಚಿ ಒಗಿ ಎಂದೆ.

"ಇರ್ಲಿ ಬಿಡು. ಒಂದು ತುತ್ತು ಅನ್ನ ಬಿಟ್ರ ಆಕಿ ಮತ್ತೇನ್ ಕೇಳ್ತಾಳ?" ಎಂದಳು.

ಕೇಳುತ್ತಿದ್ದಳೆಂದೇ ನನಗೆ ಅನುಮಾನ. ಮೇ ತಿಂಗಳ ಬಿಸಿಲಲ್ಲೂ ಬಿಲ್ಲೆ ಎದೆಗೆ ತಣ್ಣಗೆ ಹತ್ತುತ್ತದೆ ಎನ್ನುತ್ತಿದ್ದಳು. ಬಗ್ಗಿ ಓದುವಾಗ ಅದು ಜೋತುಬಿದ್ದು ಪುಟಕ್ಕೆ ತಟ್ಟುತ್ತಿತ್ತು. "ಬಾಳಕ್ಕಗೂ ಓದಬೇಕಾಗೈತಿ," ಎನ್ನುವಳು, ನಗದೆ. ಹೊಸ ಸೊಸೆ ಬರುವ ಮೊದಲೇ ಆ ಮನೆಯವರು ಬಾಳಮ್ಮನ ಫೋಟೋಗಳನ್ನೆಲ್ಲ ತೆಗೆದುಹಾಕಿದ್ದರು. ಸುನಂದಾ ಕಂಡದ್ದು ಬಿಲ್ಲೆಯ ಮುಖವೊಂದೇ. ದಿನಾ ಅದರ ಜೊತೆ ಮಾತಾಡುತ್ತಿದ್ದಳು. ಆ ಹೆಂಗಸು ನಿಜವಾಗಿ ಹೇಗಿದ್ದಳೆಂದು ತಿಳಿಯುವ ಆಸೆ ಅವಳನ್ನು ಬಿಡಲಿಲ್ಲ.

ಆಗ ಅವಳು ರೋಮನ್ನರ ಮೂರ್ತಿಗಳ ಅಧ್ಯಾಯ ಬರೆಯುತ್ತಿದ್ದಳು. ರೋಮನ್ನರು ಹಳೆಯ ದೊರೆಯ ಮುಖ ಕೆತ್ತಿ ತೆಗೆದು ಅದೇ ಕಲ್ಲಿನಲ್ಲಿ ಹೊಸಬನ ಮುಖ ಮೂಡಿಸುವುದಿತ್ತು. ಎಷ್ಟೋ ಸಲ ಹಿಂದಲೆಯ ಕೂದಲು ಮಾತ್ರ ಹಳಬನದೇ ಉಳಿದುಬಿಡುತ್ತಿತ್ತು. ನಾಣ್ಯಗಳಲ್ಲಾದರೆ ಉಬ್ಬಿದ ಭಾಗ ಮೊದಲು ಸವೆಯುತ್ತದೆ, ಎಷ್ಟು ಕೈ ದಾಟಿದೆಯೆಂದು ಅದರಿಂದ ಅಂದಾಜು ಕಟ್ಟಬಹುದು ಎಂದು ನನಗೂ ಕೊರೆಯುತ್ತಿದ್ದಳು. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಭೂತಗನ್ನಡಿ ಹಿಡಿದು ತನ್ನ ಬಿಲ್ಲೆಯನ್ನೇ ನೋಡತೊಡಗಿದಳು. ಬಹಳ ಹೊತ್ತು ತಲೆ ಎತ್ತಲಿಲ್ಲ.

"ಮೂಗು ಪೂರಾ ಸವದೈತಿ. ಕೊಂಡಿ ಎರಡು ಸಲ ಬೆಸದಾರ. ನಾ ಹಾಕ್ಕೊಂಡು ಎರಡು ವರ್ಷ ಆತಷ್ಟ. ಇದು ನನಗ ಮಾಡಿಸಿದ್ದಲ್ಲ, ಫಿರದೋಸ."



ಬಾಳಮ್ಮನ ತವರು ಕೃಷ್ಣೆಯ ದಂಡೆಯ ತಂಗಡಗಿ. ಸತ್ತ ಮಗಳ ಜಾಗಕ್ಕೆ ಬಂದವಳು ಆ ತವರಿಗೂ ಮಗಳೇ. ಆದರೆ ಅತ್ತೆ ಒಂದಿಲ್ಲೊಂದು ನೆವ ಹೇಳಿ ಅವಳನ್ನು ಅಲ್ಲಿಗೆ ಕಳಿಸಿರಲಿಲ್ಲ. ಆ ಭಾನುವಾರ ಹೇಳದೇ ಕೇಳದೇ ಇಬ್ಬರೂ ಬಸ್ಸು ಹತ್ತಿದೆವು.

ಬಾಳಮ್ಮನ ತಾಯಿ ರುಕ್ಮವ್ವ ಸುನಂದಾಳನ್ನು ತಬ್ಬಿಕೊಂಡು ಅತ್ತಳು. ಮಣೆ ಹಾಕಿ ಕೂರಿಸಿ ಉಡಿ ತುಂಬಲು ಬಗ್ಗಿದವಳು ಬಿಲ್ಲೆ ಕಂಡು ಹಾಗೇ ನಿಂತುಬಿಟ್ಟಳು. ಕೈಯ ಅಕ್ಕಿ ಮಣೆಯ ಮೇಲೆ ಸುರಿಯಿತು.

"ಇದು ನಿನ್ನ ಕೊಳ್ಳಾಗ ಹ್ಯಾಂಗ ಬಂತವ್ವಾ?"

"ಬಾಳಕ್ಕನ ಮುಖ ಅಂತ ಅತ್ತಿಯವರು ಕಟ್ಯಾರ್ರಿ."

"ಇದು ನನ್ನ ಮಗಳಲ್ಲ. ಆಕಿ ಮದುವ್ಯಾಗ ಇದನ್ನ ಆಕಿ ಕೊಳ್ಳಾಗ ಕಟ್ಟಿದ್ರು. ನನ್ನ ಮಗಳೂ ಎರಡನೇದಾಕಿ. ಮೊದಲಿನಾಕಿ ಸೊಲ್ಲಾಪುರ ಕಡಿಯಾಕಿ ಇದ್ಲಂತ. ಹೆಸರು ನಮಗೂ ಹೇಳ್ಲಿಲ್ಲ."

ಒಳಗಿನಿಂದ ಫೋಟೋ ತಂದು ಕೊಟ್ಟಳು. ಅಗಲ ಹಣೆ, ಮುಂದಿನ ಹಲ್ಲುಗಳ ನಡುವೆ ಸಂದು, ಬಾಯ್ತುಂಬ ನಗು. ಬಿಲ್ಲೆಯ ಮುಖಕ್ಕೂ ಅದಕ್ಕೂ ಯಾವ ಹೋಲಿಕೆಯೂ ಇರಲಿಲ್ಲ. ಫೋಟೋದಲ್ಲಿನ ಬಾಳಮ್ಮನ ಕೊರಳಲ್ಲಿ ಅದೇ ಬಿಲ್ಲೆ ಇತ್ತು.

ಬಸ್ಸಿನಲ್ಲಿ ಸುನಂದಾ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದೇ ಕೂತಿದ್ದಳು. "ಎರಡು ವರ್ಷ ಬಾಳಕ್ಕನ ತುತ್ತು ಬ್ಯಾರೆಯಾಕಿಗೆ ಕೊಟ್ಟೇನಿ. ಆಕಿ ಹಸದಾಳ," ಎಂದು ಅತ್ತಳು. ನನಗೂ ಅಳು ಬಂತು. ಸತ್ತವರು ಉಣ್ಣುವುದಿಲ್ಲ ಎಂದು ಹೇಳಬೇಕೆಂದುಕೊಂಡವಳು ಅವಳ ಮುಷ್ಟಿಯ ಮೇಲೆ ಕೈಯಿಟ್ಟೆ.

ಗಂಡನನ್ನು ಕೇಳಿದಳಂತೆ. ಕಲ್ಮೇಶ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದ. "ಅದು ಆಗಿಹೋದ ಮಾತು. ಮೊದಲಿನಾಕಿ ಬಂದು ತಿಂಗಳಾಗೂದ್ರಾಗ ಜ್ವರ ಬಂದು ಹೋದ್ಲು. ಬಾಳಮ್ಮ ಹೋದ ಮ್ಯಾಲ ಮತ್ತೊಂದು ಯಾಕ ಮಾಡಿಸೂದಂತ ಅವ್ವ ಅದನ್ನ ತೊಳದು ನಿನಗ ಕಟ್ಟಿದ್ಲು." ಅವಳ ಹೆಸರೇನು ಎಂದರೆ ಸೀರೆ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಯೋಚಿಸಿದ. "ಅವ್ವಗ ನೆನಪಿರಬೇಕು," ಎಂದ. ಅತ್ತೆಗೂ ನೆನಪಿರಲಿಲ್ಲ.

ಆ ಮನೆ ಬಿಟ್ಟು ಬಾ ಎಂದು ನಾನು ಜಗಳವಾಡಿದೆ. ಅವಳು ಬರಲಿಲ್ಲ. ಅಕ್ಕಸಾಲಿಗನಿಗೆ ಫೋಟೋ ತೋರಿಸಿ, ಹಲ್ಲಿನ ಸಂದೂ ಬಿಡದಂತೆ ಬಾಳಮ್ಮನ ಬಿಲ್ಲೆ ಮಾಡಿಸಿಕೊಂಡಳು. ಹಳೆಯದನ್ನೂ ತೆಗೆಯಲಿಲ್ಲ. ಈಗ ಎರಡು ತುತ್ತು ತೆಗೆದಿಡುತ್ತಾಳೆ. ಒಂದಕ್ಕೆ ಹೆಸರಿದೆ, ಒಂದಕ್ಕೆ ಸುಮ್ಮನೆ ಕೈ ಮುಗಿಯುತ್ತಾಳೆ.

ಪಿಎಚ್.ಡಿ. ಮುಗಿದ ವಾರ ಸ್ಟಾಫ್ ರೂಮಿನಲ್ಲಿ ಪೇಢೆ ಹಂಚಿ, ನನ್ನ ಕೈಗೆ ತನ್ನದೊಂದು ಫೋಟೋ ಕೊಟ್ಟಳು.

"ನಿನ್ನ ಹತ್ರ ಇರ್ಲಿ."

"ಯಾಕ, ನಿನಗೇನಾಗೈತಿ?"

"ಏನೂ ಆಗಿಲ್ಲ. ಆದ್ರ ನಾ ಹೋದ ಮ್ಯಾಲ ಹೊಸಾದು ಮಾಡಸ್ತಾರಂತ ಮಾಡೀಯೇನು? ಇವನ್ನೇ ತೊಳದು ಕಟ್ತಾರ. ನನ್ನ ಜಾಗಕ್ಕ ಬರೂವಾಕಿ ಒಂದಿನ ಹುಡುಕ್ಕೋಂತ ಬಂದ್ರ, ಸುನಂದಾ ಹಿಂಗಿದ್ಲು ಅಂತ ತೋರಸು."

ಹುಚ್ಚಿ, ಎಂದು ಬಾಯಿಗೆ ಬಂದಂತೆ ಬೈದೆ. ಬೈಯುತ್ತಲೇ ಫೋಟೋ ತೆಗೆದು ಪರ್ಸಿನಲ್ಲಿಟ್ಟುಕೊಂಡೆ. ಹೆಸರು ಗೊತ್ತಿರದ ಆ ಹುಡುಗಿ ನನ್ನ ಬಾಗಿಲಿಗೆ ಎಂದೂ ಬರದಿರಲಿ ಎಂದು ಪ್ರತಿ ನಮಾಜಿನಲ್ಲೂ ಬೇಡಿಕೊಳ್ಳುತ್ತೇನೆ.