ಅಜ್ಜಿ ನೀರು ಕೇಳಿದ ಮಧ್ಯಾಹ್ನ

ಆಗೆಲ್ಲ ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ ಯಾವ ಮಗುವಿಗೆ ಜ್ವರ ಬಂದರೂ ಡಾಕ್ಟರಿಗಿಂತ ಮೊದಲು ನಮ್ಮಜ್ಜಿಯನ್ನು ಕರೆಯುತ್ತಿದ್ದರು. ಧಾರವಾಡದಲ್ಲಿ ನರ್ಸಿಂಗ್ ಕಲಿತು, ಕುವೈತ್, ಲಿಬಿಯಾ, ಮಸ್ಕತ್ ಅಂತ ಇಪ್ಪತ್ತಾರು ವರ್ಷ ದುಡಿದು ಬಂದವಳು. ಅಲ್ಲಿಂದಲೇ ಇಬ್ಬರು ತಮ್ಮಂದಿರನ್ನು ಓದಿಸಿದ್ದಳು, ಮೂವರು ಮಕ್ಕಳನ್ನು ದಡ ಸೇರಿಸಿದ್ದಳು. ಮರಳಿ ಬಂದ ಮೇಲೆ ಅವಳದು ಒಂದೇ ಹಟ: ರವಿವಾರ ಅಂಧೇರಿಯ ಮಾಮಾ, ಘಾಟ್ಕೋಪರಿನ ಮೌಶಿ, ಅವರ ಮಕ್ಕಳು ಎಲ್ಲರೂ ಅವಳ ಎರಡು ಕೋಣೆಯ ಮನೆಯಲ್ಲಿರಬೇಕು. ಮಂಡಕ್ಕಿ ಸುಸಲಾದ ಒಗ್ಗರಣೆ ಘಾಟು, ಅವಳ ಸೀರೆಗಂಟಿದ ಸ್ಪಿರಿಟ್ ವಾಸನೆ, ನಮ್ಮ ಕೇರಂ ಜಗಳ. ಯಾರಾದರೂ ಮೊಣಕಾಲು ತರಚಿಕೊಂಡು ಬಂದರೆ, "ಅಳೂದು ಆಮ್ಯಾಲೆ. ಮೊದಲ ಕಾಲು ತೊಳಕೊಂಡು ಬಾ," ಅನ್ನುತ್ತಿದ್ದಳು.

ನನಗೆ ಹನ್ನೊಂದು ವರ್ಷ. ಆ ಮೇ ತಿಂಗಳ ರಜೆಯಲ್ಲಿ ಅವ್ವ ಆಫೀಸಿಗೆ ಹೋದಮೇಲೆ ಮನೆಯಲ್ಲಿ ನಾನು, ಅಜ್ಜಿ ಇಬ್ಬರೇ. ಒಂದು ಮಧ್ಯಾಹ್ನ ಮಾವಿನಕಾಯಿ ಹೆಚ್ಚುತ್ತಿದ್ದವಳ ಕೈಯಿಂದ ಚಾಕು ಜಾರಿತು. ಎತ್ತಿಕೊಳ್ಳಲು ನೋಡಿದಳು, ಬಲಗೈ ಏಳಲಿಲ್ಲ. ಗೋಡೆಗೆ ಒರಗಿ ಮೆಲ್ಲಗೆ ನೆಲಕ್ಕೆ ಕುಸಿದಳು.

"ನನ್ನ ಬಾಯಿ ಸೊಟ್ಟ ಆಗೇತೇನು? ಖರೇ ಹೇಳು."

"ಹೂಂ ಅಜ್ಜಿ. ಥೋಡಾ."

"ಗಡಿಯಾರ ನೋಡು, ಎಷ್ಟಾತು? ಆ ಟೈಮ್ ಡಾಕ್ಟರಿಗೆ ಹೇಳಬೇಕು. ಅವ್ವಗ ಫೋನ್ ಮಾಡು, ಮ್ಯಾಲಿನ ಕಾಕೂನ್ನ ಕರಿ. ಮತ್ತ... ನನಗ ನೀರು ಕೊಡಬ್ಯಾಡ. ನಾನಽ ಕೇಳಿದ್ರೂ ಕೊಡಬ್ಯಾಡ. ಲಕ್ವಾ ಹೊಡದಾಗ ನೆತ್ತಿಗೇರಿ ಉಸಿರು ಕಟ್ಟತೈತಿ."

ಎಲ್ಲವನ್ನೂ ಮಾಡಿದೆ. ಮೇಲಿನ ಮನೆಯ ಕಾಕು ಆಂಬುಲೆನ್ಸಿಗೆ ಫೋನ್ ಮಾಡಿ, ದಾರಿ ತೋರಿಸಲು ಗೇಟಿಗೆ ಓಡಿದರು. ಗಾಡಿ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿತ್ತು. ಮತ್ತೆ ನಾವಿಬ್ಬರೇ ಉಳಿದೆವು.

ಅಜ್ಜಿಯ ಮಾತು ತೊದಲತೊಡಗಿತು. "ನೀ... ರು."

"ಅಜ್ಜಿ, ನೀನಽ ಬ್ಯಾಡ ಅಂದಿ."

ಹಾಗೆ ಹೇಳಿದ್ದು ಅವಳಿಗೆ ನೆನಪಿರಲಿಲ್ಲ. ಎಡಗೈಯಲ್ಲಿ ನನ್ನ ಫ್ರಾಕ್ ಹಿಡಿದು ಜಗ್ಗಿದಳು. "ನೀರು... ಮಗಾ..." ಲೋಟ ತುಂಬಿಸಿ ತಂದೆ. ಅವಳ ಕಣ್ಣು ಲೋಟದ ಮೇಲೇ ಇತ್ತು. ಅವಳೆದುರು ಅದನ್ನು ಹಿಡಿದು ನಿಂತು ಅತ್ತೆನೇ ಹೊರತು ಕೊಡಲಿಲ್ಲ. ಒದ್ದೆ ಬಟ್ಟೆಯಿಂದ ಬರಿಯ ತುಟಿ ಒರೆಸಬಹುದಿತ್ತು ಎಂಬುದು ಎಷ್ಟೋ ವರ್ಷದ ಮೇಲೆ ತಿಳಿಯಿತು. ಅದನ್ನು ಆ ಮನೆಯಲ್ಲಿ ಬಲ್ಲವಳು ಅವಳೊಬ್ಬಳೇ.

ಗಾಡಿ ಬಂದಾಗ ಅವಳ ಮಾತು ಪೂರ್ತಿ ನಿಂತಿತ್ತು. ಒಂಬತ್ತು ದಿನ ಆಸ್ಪತ್ರೆಯಲ್ಲಿ ಕಣ್ಣು ತೆರೆದೇ ಮಲಗಿದ್ದು, ಹೋದಳು. ಡಾಕ್ಟರು ನನ್ನ ಬೆನ್ನು ತಟ್ಟಿ, ಸರಿ ಮಾಡಿದೆ ಎಂದರು. ಅವ್ವನೂ ಅದನ್ನೇ ಹೇಳಿದಳು. ಆ ಮಾತನ್ನು ಅಜ್ಜಿ ಒಂದು ಸಲ ಹೇಳಿದ್ದರೆ ಸಾಕಿತ್ತು.

ಮುಂದೆ ಕೆಲವು ರವಿವಾರ ಎಲ್ಲರೂ ಬಂದರು. ಆಮೇಲೆ ಒಬ್ಬೊಬ್ಬರಾಗಿ ಬಿಟ್ಟರು. ಈಗ ನಾವು ಸೇರುವುದು ಯಾರಾದರೂ ಆಸ್ಪತ್ರೆಗೆ ಸೇರಿದಾಗ ಮಾತ್ರ. ಕಾರಿಡಾರಿನಲ್ಲಿ ನಿಂತು ಹಿಂದಿಯಲ್ಲಿ ಪಿಸುಗುಟ್ಟುತ್ತೇವೆ, ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಮೊದಲು ಏನು ಮಾಡಬೇಕೆಂದು ಹೇಳುವವರು ನಮ್ಮಲ್ಲಿ ಒಬ್ಬರೂ ಇಲ್ಲ.