ಚುನಾವಣೆಯಲ್ಲಿ ಸಿಕ್ಕ ತಂಗಿಯರು

ಸಂಡೂರಿನಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ, ಅದಿರಿನ ಲಾರಿಗಳು ಸಾಲುಗಟ್ಟಿ ನಿಲ್ಲುವ ಜಾಗದಲ್ಲಿ ನನ್ನ ಖಾನಾವಳಿ ಇತ್ತು. ಗಣಿಯ ಭರಾಟೆಯ ಆ ವರ್ಷಗಳಲ್ಲಿ ಅದಿರಿನ ಧೂಳು ಕೂತು ನಮ್ಮೂರಿನ ನಾಯಿಯೂ ಕೆಂಪಗಿತ್ತು, ಎಮ್ಮೆಯೂ ಕೆಂಪಗಿತ್ತು. ಬಿಳಿ ಧೋತರವನ್ನು ಯಾರೂ ಹೊರಗೆ ಒಣಹಾಕುತ್ತಿರಲಿಲ್ಲ. ದುಡ್ಡು ಬಂದವರ ಕಣ್ಣಿಗೆ ಮಾತ್ರ ಧೂಳು ಕಾಣುತ್ತಿರಲಿಲ್ಲ. ನನ್ನ ಗಂಡನ ತಮ್ಮ ಅಂಥವರಲ್ಲಿ ಒಬ್ಬ. ಲಾರಿ ಇತ್ತು, ಜೀಪು ಇತ್ತು, ಕೊರಳಲ್ಲಿ ದಪ್ಪನೆಯ ಚೈನು ಇತ್ತು. ಇಷ್ಟೆಲ್ಲ ಆದ ಮೇಲೆ ಮನುಷ್ಯನಿಗೆ ಉಳಿಯುವ ಕೊರತೆ ಒಂದೇ. ಅವನು ಪಂಚಾಯ್ತಿ ಇಲೆಕ್ಷನ್ನಿಗೆ ನಿಂತ.

ಊರ ಹೊರಗೆ ಹಳ್ಳದ ದಂಡೆಯಲ್ಲಿ ತಗಡಿನ ಶೆಡ್ಡುಗಳಿದ್ದವು. ಬಿಹಾರ, ಒಡಿಶಾ, ಆಂಧ್ರದಿಂದ ಗಣಿ ಕೆಲಸಕ್ಕೆ ಬಂದವರು ಅಲ್ಲಿ ವಾಸವಾಗಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು, ಒಬ್ಬರ ಸಾರು ಇನ್ನೊಬ್ಬರಿಗೆ ಸೇರದು. ಆದರೆ ಊರಿನ ಬಾಯಲ್ಲಿ ಎಲ್ಲರೂ ‘ಹೊರಗಿನವರು’. ಬಂದು ವರ್ಷಗಳಾಗಿದ್ದರಿಂದ ಬಹಳಷ್ಟು ಮಂದಿಗೆ ವೋಟಿನ ಕಾರ್ಡು ಕೂಡ ಆಗಿತ್ತು. ಅದು ಗೊತ್ತಾದ ದಿನ ಮೈದುನ ಕುಣಿಯುತ್ತ ನನ್ನ ಒಲೆಯವರೆಗೂ ಬಂದ.

"ಅತ್ತಿಗಿ, ಅವ್ರೆಲ್ಲ ಕುರಿ ಹಿಂಡು ಇದ್ದಂಗ. ಒಂದು ಈ ಕಡೆ ತಿರುಗಿತಂದ್ರ ಎಲ್ಲಾ ತಿರುಗ್ತಾವು."

"ಮೊದಲ ಒಬ್ರದಾರ ಹೆಸರು ಕೇಳ್ಕೊಂಡು ಬಾ," ಎಂದೆ.

ನನ್ನ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹುಡುಗಿಯೂ ಆ ಶೆಡ್ಡಿನವಳೇ. ಒಡಿಶಾದವಳು, ಗಂಡ ಕ್ರಷರಿನಲ್ಲಿ ದುಡಿಯುತ್ತಿದ್ದ. ಮೊದಮೊದಲು ಅವಳು ಬಡಿದ ರೊಟ್ಟಿಗೆ ನಾಲ್ಕೂ ದಿಕ್ಕಿಗೆ ಮೂಲೆ ಇರುತ್ತಿದ್ದವು. ಡ್ರೈವರುಗಳು ಬೈಯುತ್ತಲೇ ತಿನ್ನುತ್ತಿದ್ದರು.

ಮೈದುನನಿಗೆ ಒಂದು ಉಪಾಯ ಹೊಳೆಯಿತು. ಸೀರೆ ಹಂಚಿದರೆ ಕೇಸಾಗುತ್ತದೆ, ಉಡಿ ತುಂಬಿದರೆ ಯಾರು ಕೇಳುತ್ತಾರೆ? ಶೆಡ್ಡಿನ ಹೆಂಗಸರನ್ನೆಲ್ಲ ತನ್ನ ಮನೆಯ ಅಂಗಳಕ್ಕೆ ಕರೆಸಿ, ನಮ್ಮ ಅತ್ತೆಯ ಕೈಯಿಂದ ಅಕ್ಕಿ, ಕೊಬ್ಬರಿ, ಅರಿಶಿನ ಕೊಂಬು, ಕುಬಸದ ಬಟ್ಟೆಯನ್ನು ಅವರ ಸೆರಗಿಗೆ ಹಾಕಿಸಿದ. ಆಮೇಲೆ ಮೈಕು ಹಿಡಿದು, "ಇವತ್ತಿಂದ ನೀವೆಲ್ಲ ನನ್ನ ತಂಗೇರು. ಇದು ನಿಮ್ಮ ತವರುಮನಿ," ಎಂದ. ಅತ್ತೆಗೆ ಇಲೆಕ್ಷನ್ನಿನ ಗೊಡವೆ ಇರಲಿಲ್ಲ. ಒಬ್ಬೊಬ್ಬಳ ಹಣೆಗೂ ಕುಂಕುಮ ಹಚ್ಚಿ, ಹೊಟ್ಟೆ ತಣ್ಣಗಿರಲಿ ಎಂದು ಮನಸಾರೆ ಹರಸಿದರು.

ಮರುದಿನ ಹಿಟ್ಟು ನಾದುತ್ತ ಹುಡುಗಿ ಕೇಳಿದಳು, "ಅಕ್ಕಾ, ಉಡಿ ತುಂಬಿದ್ರ ಏನಾಗ್ತೈತ್ರಿ?"

"ತುಂಬಿದೋರ ಮನಿ ನಿನಗ ತವರಾಗ್ತೈತಿ. ಚೊಚ್ಚಲ ಬಾಣಂತನಕ್ಕ ಅಲ್ಲಿಗೇ ಹೋಗಬಹುದು. ಅವ್ರು ಬ್ಯಾಡ ಅನ್ನಂಗಿಲ್ಲ."

ಅವಳು ಆಗ ಬಸುರಿ. ನಾನು ಹೇಳಿದ್ದು ಅರ್ಧ ಅವಳಿಗೆ, ಅರ್ಧ ಮೈದುನನ ಮೇಲಿನ ತಮಾಷೆಗೆ.

ಇಲೆಕ್ಷನ್ ಆಯಿತು, ಮೈದುನ ಸೋತ. ಶೆಡ್ಡಿನವರು ಥೇಟ್ ಊರಿನವರ ಹಾಗೆಯೇ ವೋಟು ಹಾಕಿದ್ದರು. ಕೆಲವರು ಕುಡಿಸಿದವನನ್ನು ನೋಡಿ, ಕೆಲವರು ನಳ ಹಾಕಿಸುತ್ತೇನೆ ಎಂದವನನ್ನು ನೋಡಿ, ಇನ್ನು ಕೆಲವರು ಗಂಡನ ಮೇಲಿನ ಸಿಟ್ಟಿಗೆ. ಊರೇ ಕೈಕೊಟ್ಟಿದ್ದು ಮೈದುನನಿಗೆ ಕಾಣಲಿಲ್ಲ, ಶೆಡ್ಡಿನವರು ಮೋಸ ಮಾಡಿದ್ದಷ್ಟೇ ಕಂಡಿತು. ಉಂಡ ಮನೆಗೆ ಎರಡು ಬಗೆದರು ಎಂದು ತಿಂಗಳುಗಟ್ಟಲೆ ಕುದಿಯುತ್ತಿದ್ದ.

ಆ ಹೊತ್ತಿಗೆ ತಾಲೂಕು ಕಚೇರಿಗೆ ಹೊಸ ಸಾಹೇಬರೊಬ್ಬರು ಬಂದರು. ಚಿಕ್ಕ ವಯಸ್ಸು, ಆದೇಶ ಹೊರಡಿಸುವುದೆಂದರೆ ಹಬ್ಬದೂಟದಷ್ಟು ಇಷ್ಟ. ಸಭೆ ಕರೆಯುವುದಿಲ್ಲ, ಯಾರನ್ನೂ ಕೇಳುವುದಿಲ್ಲ, ಒಂದು ಸಹಿ ಬಿದ್ದರೆ ಮುಗಿಯಿತು. ಹೊರಗಿನವರಿಂದ ಕಳ್ಳತನ ಹೆಚ್ಚಾಗಿದೆ ಎಂದು ಮೈದುನ ಅವರ ಕಿವಿ ಊದಿದ. ಕಳ್ಳತನ ನಡೆದಿದ್ದೇನೋ ನಿಜ. ಕಳುವಾಗುತ್ತಿದ್ದದ್ದು ಗುಡ್ಡ, ಕದಿಯುತ್ತಿದ್ದವರು ಒಳಗಿನವರು. ಅದನ್ನು ಸಾಹೇಬರಿಗೆ ಯಾರೂ ಹೇಳಲಿಲ್ಲ. ಸೋಮವಾರದೊಳಗೆ ಶೆಡ್ಡುಗಳು ತೆರವಾಗಬೇಕು ಎಂಬ ಆದೇಶ ಹೊರಬಿತ್ತು.

ಹುಡುಗಿಗೆ ದಿನ ತುಂಬಿತ್ತು. ಊರಿಗೆ ಹೋಗೋಣವೆಂದರೆ ಹೆತ್ತ ತಾಯಿ ಇಲ್ಲ, ರೈಲಿನಲ್ಲಿ ದಿನಗಟ್ಟಲೆ ದಾರಿ. ನಡುದಾರಿಯಲ್ಲಿ ನೋವು ಬಂದರೆ ಗತಿಯೇನು? ನನ್ನ ಮನೆಗೆ ಬಾ ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು.

"ನೀವ ಹೇಳಿದ್ರಲ್ಲಕ್ಕಾ, ತವರುಮನಿ ಐತಂತ."

ಭಾನುವಾರ ಬೆಳಿಗ್ಗೆ ಅವಳು ಮೈದುನನ ಬಾಗಿಲಿಗೆ ಬಂದಳು. ಪಕ್ಕದಲ್ಲಿ ಟ್ರಂಕು ಹೊತ್ತ ಗಂಡ, ಹಿಂದೆ ಹಾಸಿಗೆ, ಪಾತ್ರೆಗಳ ಸಮೇತ ಶೆಡ್ಡಿನ ಹೆಂಗಸರೆಲ್ಲ. ನಾನೂ ಹೋಗಿದ್ದೆ. ಇಂಥದ್ದನ್ನು ತಪ್ಪಿಸಿಕೊಳ್ಳುವ ಹೆಂಗಸು ನಾನಲ್ಲ.

"ಅಣ್ಣಾ, ಹೆರಿಗಿಗೆ ಬಂದೀನ್ರಿ," ಎಂದಳು.

ಹಲ್ಲುಜ್ಜುತ್ತಿದ್ದ ಮೈದುನನ ಬಾಯಿಂದ ನೊರೆ ಗದ್ದಕ್ಕೆ ಇಳಿಯಿತು. "ಮೊದಲ ಇದನ್ನ ಹೇಳು. ವೋಟ್ ಯಾರಿಗೆ ಹಾಕಿದಿ?"

ಸುಳ್ಳು ಹೇಳು ಎಂದು ನಾನು ಕಣ್ಸನ್ನೆ ಮಾಡಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ನಿಮಗ ಹಾಕಿಲ್ರಿ. ಇನ್ನೊಬ್ರು ನಳ ಹಾಕಸ್ತೀನಿ ಅಂದಿದ್ರು. ವೋಟ್ ಬ್ಯಾರೆ, ತವರುಮನಿ ಬ್ಯಾರೆ ಅಲ್ರೀ ಅಣ್ಣಾ?"

ಮೈದುನ ಕಿರುಚಲು ಬಾಯಿ ತೆರೆದ. ಅಷ್ಟರಲ್ಲಿ ಅತ್ತೆ ಹೊರಗೆ ಬಂದು ಹುಡುಗಿಯ ಕೈ ಹಿಡಿದರು.

"ನಾ ಉಡಿ ತುಂಬೀನಿ. ವೋಟಿಗಂತ ತುಂಬಿಲ್ಲ. ಈಕೀನ ಹೊರಗ ನಿಲ್ಲಿಸಿದಿ ಅಂದ್ರ ನಾನೂ ಈಕೀ ಜೋಡಿ ಹಳ್ಳದ ದಂಡಿಗೆ ಹೋಗಾಕಿ." ಆಮೇಲೆ ಉಳಿದವರ ಕಡೆ ತಿರುಗಿ, "ನೀವ್ಯಾಕ ನಿಂತೀರಿ? ಕುಂದ್ರಿ, ಚಾ ಇಡ್ತೀನಿ," ಎಂದರು.

ಅವರು ಕುಳಿತೇಬಿಟ್ಟರು. ಪಡಸಾಲೆಯಲ್ಲಿ ಹಾಸಿಗೆಗಳು ಬಿಚ್ಚಿಕೊಳ್ಳುವುದನ್ನು ಕಂಡ ಮೈದುನ ಬಾಯಿ ಕೂಡ ಮುಕ್ಕಳಿಸದೆ ಜೀಪು ಹತ್ತಿ ಸಾಹೇಬರ ಮನೆಗೆ ಓಡಿದ.

ಮುಂದಿನದನ್ನು ಹೇಳಿದವನು ಜೀಪಿನ ಡ್ರೈವರು, ಅದೂ ನನ್ನ ಮಿರ್ಚಿ ಭಜಿ ಖಾಲಿ ಮಾಡುತ್ತ. ಸಾಹೇಬರು ಸಿಡುಕಿದರಂತೆ: "ನೀವ ಬಂದು ಖಾಲಿ ಮಾಡಸ್ರಿ ಅಂದ್ರಿ, ಈಗ ನೀವ ಬ್ಯಾಡ ಅಂತೀರಿ. ಸರಕಾರ ಏನು ನಿಮ್ಮ ಲಾರಿ ಏನ್ರಿ, ರಿವರ್ಸ್ ಹೊಡಿಯಾಕ? ಅಲ್ಲಿ ನಿಮ್ಮ ಸಂಬಂಧಿಕರು ಯಾರಾರ ಅದಾರೇನು?"

ಮೈದುನ ನೆಲ ನೋಡುತ್ತ, "ಎಲ್ಲಾರೂ ನಮ್ಮ ತಂಗೇರ್ರೀ," ಎಂದನಂತೆ.

ಸಾಹೇಬರು ಚಹಾ ಚೆಲ್ಲುವಂತೆ ನಕ್ಕರು. ನಕ್ಕ ಮೇಲೆ ಗದರುವುದು ಕಷ್ಟ. ಮುಂದಿನ ಆದೇಶದವರೆಗೆ ತೆರವು ಬೇಡ ಎಂದು ಇನ್ನೊಂದು ಸಹಿ ಹಾಕಿದರು. ಒಬ್ಬ ಮನುಷ್ಯನ ಒಂದು ಸಹಿಗೆ ಅಷ್ಟು ಮನೆಗಳ ಒಲೆ ಆರುವುದು, ಅವನಿಗೆ ನಗು ಬಂದರೆ ಮತ್ತೆ ಹೊತ್ತುವುದು. ಈಗ ನೆನೆದರೂ ನನಗೆ ಸಿಟ್ಟು ಬರುತ್ತದೆ. ಆದರೆ ಆ ದಿನ ಮಾತ್ರ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಉಳಿದವರು ಶೆಡ್ಡುಗಳಿಗೆ ಮರಳಿದರು. ಹುಡುಗಿ ಅಲ್ಲೇ ಉಳಿದು, ಆ ವಾರವೇ ಹೆಣ್ಣು ಹಡೆದಳು. ಕಟ್ಟೆಯ ಮೇಲೆ ಕೂತವರು ಮೈದುನನನ್ನು ಕಂಡರೆ, "ಏನಪಾ, ಬೀಗರು ಭಾಳ ಆದ್ರಲ್ಲ ನಿನಗ," ಎಂದು ಕಾಡುತ್ತಿದ್ದರು. ಅವನು ಗೊಣಗುತ್ತಲೇ ಹೊಸಪೇಟೆಯಿಂದ ಬಾಣಂತಿಯ ಉಂಡೆಗೆ ಬೇಕಾದ ಅಂಟು, ಕೊಬ್ಬರಿ ತಂದ. ಕೂಸು ಅತ್ತರೆ ಎಲ್ಲರಿಗಿಂತ ಮೊದಲು ಅವನೇ ಎದ್ದು ತೊಟ್ಟಿಲು ತೂಗುತ್ತಿದ್ದನೆಂದು ಅತ್ತೆ ಹೇಳಿದರು. ಕೇಳಿದರೆ, ನಿದ್ದೆ ಕೆಡುತ್ತದೆ ಎಂದು ನನ್ನ ಮೇಲೆಯೇ ಹಾರಾಡಿದ.

ಬಾಣಂತನ ಮುಗಿಸಿ ಅವಳು ಕೂಸಿನೊಂದಿಗೆ ಶೆಡ್ಡಿಗೆ ಹೋದಳು. ಮತ್ತೆ ನನ್ನ ಒಲೆಯ ಮುಂದೆ ಕುಳಿತಳು. ಮರುವರ್ಷದ ಶ್ರಾವಣ ಬಂತು. ನಮ್ಮ ಕಡೆ ಪಂಚಮಿಗೆ ಅಣ್ಣಂದಿರು ತಂಗಿಯರನ್ನು ಕರೆಯಲು ಹೋಗುತ್ತಾರೆ, ಅದು ಅವಳಿಗೂ ಅಷ್ಟೊತ್ತಿಗೆ ತಿಳಿದಿತ್ತು. ಅವಳು ಅದರ ಬಗ್ಗೆ ಏನೂ ಕೇಳಲಿಲ್ಲ. ಪಡಸಾಲೆ ತುಂಬುವ ಹೆದರಿಕೆ ತೀರಿದ ಮೇಲೆ ಈ ಗಂಡಸಿನ ಅಣ್ಣತನ ಎಷ್ಟು ಉಳಿದಿದೆಯೋ, ಯಾರಿಗೆ ಗೊತ್ತು?

ಹಬ್ಬದ ಹಿಂದಿನ ದಿನ ಜೀಪು ಹಳ್ಳದ ದಂಡೆಗೆ ಇಳಿಯಿತು. ಮೈದುನ ಅವಳ ಶೆಡ್ಡಿನ ಮುಂದೆ ಹಾರ್ನ್ ಬಾರಿಸಿ, "ಜಲ್ದಿ ಬಾರವ್ವ, ಅವ್ವ ಉಂಡಿ ಕಟ್ಟಾಕತ್ಯಾಳ," ಎಂದ.

ಆ ವರ್ಷ ನಮ್ಮೂರಲ್ಲಿ ಯಾವ ಇಲೆಕ್ಷನ್ನೂ ಇರಲಿಲ್ಲ.