ಘಾಟು ಬಾರದ ಮೆಣಸಿನಕಾಯಿ

ದೃಷ್ಟಿ, ಗಾಳಿ, ಸೋಕು ಇವನ್ನೆಲ್ಲ ನಾನು ನಂಬುತ್ತಿರಲಿಲ್ಲ, ಈಗಲೂ ನಂಬುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಮುಂದೆ ಬರೆಯುವುದನ್ನು ಓದಿ, "ನೋಡಿದ್ರಾ, ಡಾಕ್ಟ್ರೇ ಒಪ್ಕೊಂಡ್ರು" ಎಂದು ಯಾರಾದರೂ ವಾಟ್ಸಾಪಿನಲ್ಲಿ ಹಂಚಲು ಹೊರಟರೆ ನನಗೆ ಕೆಟ್ಟ ಕೋಪ ಬರುತ್ತದೆ. ನಾನು ಏನನ್ನೂ ಒಪ್ಪಿಕೊಳ್ಳುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತಿದ್ದೇನೆ, ಅಷ್ಟೇ.

ನಾನು ಮಕ್ಕಳ ವೈದ್ಯೆ. ಗರುಡಾಚಾರ್‌ಪಾಳ್ಯದಲ್ಲಿ ನಮ್ಮ ಮನೆಯ ಕೆಳಗೇ ನನ್ನ ಕ್ಲಿನಿಕ್. ನಮ್ಮ ಯಜಮಾನರ ತಾತನ ಕಾಲದಲ್ಲಿ ಆ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದರಂತೆ; ಈಗ ನಾವು ಬಾಡಿಗೆ ಮನೆಗಳನ್ನು ಬೆಳೆಯುತ್ತೇವೆ. ನನ್ನ ಹತ್ತಿರ ಬರುವ ಕಾಯಿಲೆಗಳಲ್ಲಿ ಹೊಸತೇನೂ ಇರುವುದಿಲ್ಲ. ಶೀತ, ಕೆಮ್ಮು, ಕಿವಿನೋವು, ಜ್ವರ, ವಾಂತಿ, ಭೇದಿ, ಇವೇ ಸರದಿಯ ಮೇಲೆ ಬರುತ್ತವೆ, ಹೋಗುತ್ತವೆ. ಕಷ್ಟವಿರುವುದು ಇವುಗಳ ವೇಷ ಹಾಕಿಕೊಂಡು ಬರುವ ಇನ್ನೊಂದನ್ನು ಗುರುತು ಹಿಡಿಯುವುದರಲ್ಲಿ.

ಕೋವಿಡ್ ಎರಡನೇ ಅಲೆಯಲ್ಲಿ ನನಗೆ ವಾಸನೆ ಹೋಯಿತು. ಸುತ್ತಮುತ್ತ ಎಲ್ಲರಿಗೂ ವಾಪಸ್ ಬಂತು, ನನಗೆ ಬರಲಿಲ್ಲ. ಮಲ್ಲಿಗೆ, ಒಗ್ಗರಣೆ, ಸೀಮೆಎಣ್ಣೆ, ಯಾವುದೂ ಇಲ್ಲ. ಮಕ್ಕಳ ವೈದ್ಯರಿಗೆ ಮೂಗು ಎಷ್ಟು ಬೇಕು ಎಂಬುದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಮೂಗಿನೊಳಗೆ ಕಡಲೆಬೀಜ ತುರುಕಿಕೊಂಡು ವಾರಗಟ್ಟಲೆ ಸುಮ್ಮನಿರುವ ಮಗುವನ್ನು ನಾನು ಬಾಗಿಲಲ್ಲೇ ಪತ್ತೆ ಹಚ್ಚುತ್ತಿದ್ದೆ. ಆಮೇಲೆ ಆ ಕೆಲಸಕ್ಕೆ ನಮ್ಮ ನರ್ಸ್ ಮೇರಿ ನನ್ನ ಮೂಗಾದಳು. ಲಿಂಗರಾಜಪುರದಿಂದ ಎರಡು ಬಸ್ ಬದಲಾಯಿಸಿ ಬರುವ ಹೆಂಗಸು. ಕಿವಿ ಸೋರುವ ಮಗುವಿನ ಹತ್ತಿರ ಬಗ್ಗಿ, "ಸ್ಮೆಲ್ ಇದೆ ಮೇಡಂ" ಎಂದೋ, "ಇಲ್ಲ" ಎಂದೋ ಹೇಳುತ್ತಿದ್ದಳು.

ಮಹಡಿಯ ಮೇಲಿರುವ ನಮ್ಮ ಬಾವನವರಿಗೆ, ಅಂದರೆ ನಮ್ಮ ಯಜಮಾನರ ಅಣ್ಣನಿಗೆ, ಇದು ಒಳ್ಳೆಯ ನೆಪವಾಯಿತು. ಅವರಿಗೆ ಕ್ಲಿನಿಕ್ ಜಾಗದ ಮೇಲೆ ಮೊದಲಿನಿಂದ ಕಣ್ಣು. "ಮೂಗಿಲ್ದೆ ಏನಮ್ಮ ಡಾಕ್ಟ್ರಿಕೆ? ಬೇಕರಿಯವ್ರು ಕೇಳ್ತಾವ್ರೆ, ಕೊಟ್ಬಿಡಾನ. ನಿಂಗೂ ರೆಸ್ಟ್ ಆಯ್ತದೆ" ಎನ್ನುತ್ತಿದ್ದರು. ಹೋಗಿರುವುದು ಮೂಗು ಬಾವ, ತಲೆ ಅಲ್ಲ ಎಂದು ನಾನು ಮುಖಕ್ಕೆ ಹೇಳಿದ್ದೆ. ಆದರೆ ಹಾಗೆ ಹೇಳಿದ ಮೇಲೆ ಒಂದೂ ತಪ್ಪು ಮಾಡುವ ಹಾಗಿರಲಿಲ್ಲ.

ಅದಾಗಿ ಎರಡು ಚಳಿಗಾಲ ಕಳೆದಿತ್ತು. ಒಂದು ಮಧ್ಯಾಹ್ನ, ಇನ್ನೇನು ಬಾಗಿಲು ಎಳೆದು ಊಟಕ್ಕೆ ಹೋಗಬೇಕು ಎನ್ನುವಾಗ, ಹಿಂದಿನ ಬೀದಿಯ ಮುನಿಯಮ್ಮ ಬಂದರು. ಜೊತೆಯಲ್ಲಿ ಸೊಸೆ ಶೋಭಾ, ಅವಳ ಹೆಗಲ ಮೇಲೆ ಮೊಮ್ಮಗಳು ದೀಕ್ಷಾ. ಒಂದನೇ ಕ್ಲಾಸಿನ ಹುಡುಗಿ, ಹುಟ್ಟಿದಾಗಿನಿಂದ ನನ್ನ ಹತ್ತಿರವೇ ಲಸಿಕೆ ಚುಚ್ಚಿಸಿಕೊಂಡವಳು. ಹಿಂದಿನ ದಿನದಿಂದ ವಾಂತಿ, ಹೊಟ್ಟೆನೋವು, ಸುಸ್ತು. ಆ ವಾರ ಪಾಳ್ಯದ ಅರ್ಧ ಮಕ್ಕಳಿಗೆ ಅದೇ ಆಗಿತ್ತು. ಅವಳ ಕಣ್ಣು ಗುಳಿ ಬಿದ್ದಿತ್ತು, ತುಟಿ ಒಣಗಿತ್ತು. ಉಸಿರು ಸ್ವಲ್ಪ ಜೋರಾಗಿತ್ತು, ಆದರೆ ಅಳುತ್ತಾ ಬಂದ ಮಕ್ಕಳ ಉಸಿರು ಹಾಗೆಯೇ ಇರುತ್ತದೆ. ಸುಸ್ತಿಗೆ ಅಂತ ಶೋಭಾ ಬೆಳಗ್ಗೆಯಿಂದ ಗ್ಲೂಕೋಸ್ ಪುಡಿ ಕದಡಿ, ಶಾಲೆಯ ನೀರಿನ ಬಾಟಲಿಗೆ ತುಂಬಿ ಕುಡಿಸುತ್ತಿದ್ದಳು. ಇದು ನಮ್ಮ ಕಡೆ ಎಲ್ಲ ತಾಯಂದಿರೂ ಮಾಡುವ ಉಪಚಾರ.

ಮುನಿಯಮ್ಮನ ಚಿಂತೆ ಬೇರೆಯಾಗಿತ್ತು. "ಡಾಕ್ಟ್ರಮ್ಮ, ನೀವು ಬೈತೀರ ಅಂತ ಗೊತ್ತು. ಬೆಳಗ್ಗೆ ದೃಷ್ಟಿ ತೆಗೆದೆ. ಒಂದು ಹಿಡಿ ಒಣಮೆಣಸಿನಕಾಯಿ, ಉಪ್ಪು, ಇಳಿ ತೆಗೆದು ಕೆಂಡಕ್ಕೆ ಹಾಕ್ದೆ. ಘಾಟೇ ಬರ್ಲಿಲ್ಲ ತಾಯಿ. ಒಬ್ಬರೂ ಕೆಮ್ಮಲಿಲ್ಲ. ಕಾಯೆಲ್ಲ ಕರ‍್ರಗಾದ್ವು, ಆದ್ರೂ ಇಲ್ಲ" ಎಂದರು. ಸುಟ್ಟ ಮೆಣಸಿನಕಾಯಿ ಘಾಟು ಬಂದರೆ ಬರೀ ಜ್ವರ, ಬಾರದಿದ್ದರೆ ಭಾರಿ ದೃಷ್ಟಿ, ಇದು ಅವರ ಲೆಕ್ಕ. ಮೆಣಸಿನಕಾಯಿ ಹೋದ ವರ್ಷದ್ದಿರಬೇಕು ಎಂದು ನಾನು ಗದರಿದೆ. ಗದರುತ್ತಲೇ ವಾಂತಿ ನಿಲ್ಲುವ ಮಾತ್ರೆ, ಓಆರ್‌ಎಸ್ ಬರೆಯಲು ಪೆನ್ನು ತೆಗೆದೆ. ಯಾವ ವೈದ್ಯರಾದರೂ ಅದನ್ನೇ ಬರೆಯುತ್ತಿದ್ದರು.

ಬರೆಯುವ ಮೊದಲು ಗಂಟಲು ನೋಡೋಣವೆಂದು ಬಗ್ಗಿದೆ. ಆಗ ನನಗೆ ವಾಸನೆ ಬಂತು.

ತೀರಾ ಮಾಗಿ ಕಪ್ಪಾದ ಬಾಳೆಹಣ್ಣಿನ ವಾಸನೆ, ಅದರ ಜೊತೆಗೆ ಉಗುರುಬಣ್ಣ ಒರೆಸುವ ನೀರಿನ ಕಟುವಾಸನೆ. ಸಣ್ಣಗೆ ಸುಳಿದು ಹೋದದ್ದಲ್ಲ, ಮುಖಕ್ಕೆ ರಾಚಿತು. ಎರಡು ವರ್ಷ ಏನೂ ಇಲ್ಲದ ಕಡೆ ಏಕಾಏಕಿ ಅಷ್ಟು ಬಂದಾಗ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು. "ಯಾರ ಹತ್ರ ಬಾಳೆಹಣ್ಣಿದೆ?" ಎಂದು ಕೂಗಿದೆ. ಯಾರ ಹತ್ತಿರವೂ ಇರಲಿಲ್ಲ. ಮೇರಿ ಬಂದು ಮಗುವಿನ ಬಾಯಿಯ ಹತ್ತಿರ ಬಗ್ಗಿ, "ಫಿನಾಯಿಲ್ ಬಿಟ್ರೆ ಬೇರೆ ಏನೂ ಇಲ್ಲ ಮೇಡಂ" ಎಂದಳು.

ಆ ವಾಸನೆ ಏನೆಂದು ನನಗೆ ಗೊತ್ತಿತ್ತು, ಓದುವಾಗ ವಾರ್ಡಿನಲ್ಲಿ ಮೂಗಿಗೆ ಬಿದ್ದದ್ದು. ಶೋಭಾಳನ್ನು ಕೇಳಿದೆ: ಭೇದಿ ಇದೆಯಾ? ಇಲ್ಲ. ನೀರು ಜಾಸ್ತಿ ಕುಡೀತಾಳಾ? "ಹೂಂ ಮೇಡಂ, ಎಷ್ಟು ಕೊಟ್ರೂ ಸಾಲಲ್ಲ. ರಾತ್ರಿ ಹಾಸಿಗೇಲಿ ಮಾಡ್ಕೊಳೋದು ಬಿಟ್ಟಿದ್ಲು, ಈಗ ಮತ್ತೆ ಶುರು ಮಾಡಿದಾಳೆ. ಚೆನ್ನಾಗಿ ಬೈದೆ." ಮೈಯಲ್ಲಿ ನೀರೇ ಇಲ್ಲದ ಮಗು ಅಷ್ಟು ಮೂತ್ರ ಮಾಡುವುದಿಲ್ಲ. ಬೆರಳು ಚುಚ್ಚಿ ಸಕ್ಕರೆ ನೋಡಿದೆ. ಯಂತ್ರ ಅಂಕಿಯನ್ನೇ ತೋರಿಸಲಿಲ್ಲ. ತನ್ನ ಅಳತೆ ಮೀರಿದೆ ಎಂದಿತು. ಸಕ್ಕರೆ ಕಾಯಿಲೆ ಮಕ್ಕಳಿಗೂ ಬರುತ್ತದೆ, ಹೀಗೆ ವಾಂತಿಯ ವೇಷದಲ್ಲೇ ಬರುತ್ತದೆ; ಅದು ಮಿತಿಮೀರಿದಾಗ ಉಸಿರಿಗೆ ಆ ಹಣ್ಣಿನ ವಾಸನೆ ಹತ್ತುತ್ತದೆ. ರಕ್ತ ಹುಳಿಯಾಗುತ್ತಿದ್ದ ಆ ಮಗುವಿಗೆ ಬೆಳಗ್ಗೆಯಿಂದ ಗ್ಲೂಕೋಸ್ ಕುಡಿಸಿದ್ದರು. ನಾನು ಮಾತ್ರೆ ಬರೆದು ಮನೆಗೆ ಕಳಿಸಿದ್ದರೆ ಮರುದಿನ ಅವಳು ಇರುತ್ತಿರಲಿಲ್ಲ.

ಬಾವನವರನ್ನು ಕೂಗಿದೆ. ಅವರು ಉಣ್ಣುತ್ತಿದ್ದ ಕೈ ತೊಳೆದು, ಬನಿಯನ್ ಮೇಲೆ ಶರ್ಟ್ ಏರಿಸಿಕೊಂಡು ಕಾರು ತೆಗೆದರು. ಮಕ್ಕಳ ಐಸಿಯು ಇರುವ ಆಸ್ಪತ್ರೆಗೆ ಹೊರಟೆವು. ದೀಕ್ಷಾ ನನ್ನ ತೊಡೆಯ ಮೇಲೆ, ಕಣ್ಣು ಅರೆ ಮುಚ್ಚಿ, ಓಡಿ ಬಂದವಳಂತೆ ಆಳವಾಗಿ ಉಸಿರೆಳೆಯುತ್ತಿದ್ದಳು. ಒಂದೊಂದು ಉಸಿರಿಗೂ ಆ ವಾಸನೆ. ಸಿಗ್ನಲ್ಲುಗಳಲ್ಲಿ ಬಾವ ಹಾರ್ನ್ ಒತ್ತಿ ಹಿಡಿದು ಎದುರಿನವರಿಗೆಲ್ಲ ಬೈಯುತ್ತಿದ್ದರು. "ವಾಸನೆ ಬರ್ತಿದೆಯಾ ಬಾವ?" ಎಂದು ಕೇಳಿದೆ. "ಏನ್ ವಾಸ್ನೆ?" ಎಂದರು.

ಆಸ್ಪತ್ರೆಯ ಬಾಗಿಲಲ್ಲಿ ಮಗುವನ್ನು ಎತ್ತಿ ಅಲ್ಲಿಯ ವೈದ್ಯೆಯ ಕೈಗೆ ಕೊಟ್ಟೆ. ಚಿಕ್ಕ ವಯಸ್ಸಿನ ಹುಡುಗಿ. ಅವಳು ಬಗ್ಗಿ ನೋಡಿ, "ಹೌದು ಮೇಡಂ, ಬಾಯಲ್ಲಿ ಹಣ್ಣಿನ ವಾಸನೆ ಇದೆ" ಎಂದಳು. ನಾನೂ ಮತ್ತೆ ಬಗ್ಗಿದೆ. ಏನೂ ಇರಲಿಲ್ಲ. ಅವಳಿಗೆ ಇನ್ನೂ ಬರುತ್ತಿದ್ದದ್ದು ನನಗೆ ಆ ಕ್ಷಣಕ್ಕೆ ನಿಂತುಹೋಗಿತ್ತು. ಅಂದಿನಿಂದ ಇಂದಿನವರೆಗೆ ಯಾವ ವಾಸನೆಯೂ ನನ್ನ ಮೂಗಿಗೆ ಬಂದಿಲ್ಲ.

ಮಗು ಉಳಿಯಿತು. ಸಲೈನ್, ಇನ್ಸುಲಿನ್, ಒಳ್ಳೆಯ ನರ್ಸುಗಳು, ಇವೆಲ್ಲ ಸೇರಿ ಉಳಿಸಿದವು. ಆದರೆ ಮುನಿಯಮ್ಮ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದದ್ದೇ ಬೇರೆ: "ನಮ್ಮನೇಲಿ ಬರ್ಬೇಕಾಗಿದ್ದ ಘಾಟು ಡಾಕ್ಟ್ರಮ್ಮನ ಮೂಗಿಗೆ ಬಂತು." ನನಗೆ ಉರಿದುಹೋಯಿತು. ಅದೇ ಪೊಟ್ಟಣದಲ್ಲಿ ಉಳಿದ ಮೆಣಸಿನಕಾಯಿ ತನ್ನಿ, ಹಳೆಯದು ಎಂದು ತೋರಿಸುತ್ತೇನೆ ಎಂದೆ. ಅವರು ತಂದರು. ನಮ್ಮ ಅಡುಗೆಮನೆಯಲ್ಲಿ, ಅವರ ಕಣ್ಣೆದುರೇ, ನಾಲ್ಕು ಕಾಯಿ ಬೆಂಕಿಗೆ ಹಾಕಿದೆ. ಮೇರಿ ಕೆಮ್ಮುತ್ತಾ ಹೊರಗೆ ಓಡಿದಳು. ಮಹಡಿಯ ಮೆಟ್ಟಿಲಲ್ಲಿ ಬಾವ ಸೀನಿ ಸೀನಿ, "ಯಾರಮ್ಮ ಅದು, ಸಾಯಿಸ್ತೀರಾ?" ಎಂದು ಕಿರುಚಿದರು. ನನಗೆ ವಾಸನೆ ಬರಲಿಲ್ಲ, ಆದರೆ ಗಂಟಲು ಉರಿದು ಕಣ್ಣಲ್ಲಿ ಧಾರಾಕಾರ ನೀರು. ಮುನಿಯಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದರು. ಆಮೇಲೆ ಉಳಿದ ಕಾಯಿಗಳನ್ನು ಪೊಟ್ಟಣ ಕಟ್ಟಿಕೊಂಡು ಹೊರಟರು.

ಅಂದು ಮುನಿಯಮ್ಮನ ಮನೆಯಲ್ಲಿ ಕೆಂಡ ಆರಿದ್ದಿರಬಹುದು, ಕಿಟಕಿ ತೆರೆದಿದ್ದಿರಬಹುದು. ಮೂಗಿನ ವೈದ್ಯನಾದ ನನ್ನ ಗೆಳೆಯನ ವಾದವೂ ಇದೆ: "ನಿನ್ನ ಕಣ್ಣು ಮಗುವಿನ ಉಸಿರನ್ನು, ಗುಳಿಬಿದ್ದ ಕಣ್ಣನ್ನು ಆಗಲೇ ನೋಡಿತ್ತು. ಮಿದುಳು ಹಳೆಯ ವಾಸನೆಯನ್ನು ನೆನಪಿನಿಂದ ತೆಗೆದುಕೊಟ್ಟಿತು." ಚೆನ್ನಾಗಿದೆ. ಹಾಗಿದ್ದರೆ ಮೊದಲು ಅನುಮಾನ ಬರಬೇಕಿತ್ತಲ್ಲ? ನನ್ನ ಕೈಯಲ್ಲಿ ಪೆನ್ನಿತ್ತು, ತಲೆಯಲ್ಲಿ ಊಟವಿತ್ತು. ಮತ್ತೆ, ಅಷ್ಟು ಕರುಣೆ ಇರುವ ಮಿದುಳು ಆಮೇಲೆ ಒಂದೇ ಒಂದು ಸಲ ಮಲ್ಲಿಗೆಯನ್ನು ಯಾಕೆ ಕೊಡಲಿಲ್ಲ? ಮುನಿಯಮ್ಮನ ಉತ್ತರ ನನಗೆ ಬೇಡ. ಗೆಳೆಯನದೂ ಸಾಲುವುದಿಲ್ಲ. ನನ್ನ ಹತ್ತಿರ ಬೇರೆ ಉತ್ತರವಿಲ್ಲ. ಇಲ್ಲ ಎಂದು ಹೇಳಲು ನನಗೆ ನಾಚಿಕೆಯೂ ಇಲ್ಲ.

ಕ್ಲಿನಿಕ್ ಅಲ್ಲೇ ಇದೆ. ಬಾವ ಬೇಕರಿಯ ಮಾತೆತ್ತುವುದಿಲ್ಲ. ವಾಂತಿ ಎಂದು ಬರುವ ಪ್ರತಿ ಮಗುವಿನ ಬೆರಳನ್ನೂ ನಾನು ಚುಚ್ಚುತ್ತೇನೆ. ತಾಯಂದಿರು ಗೊಣಗುತ್ತಾರೆ, ಗೊಣಗಲಿ. ದೀಕ್ಷಾ ಇನ್ಸುಲಿನ್ ತಾನೇ ಹಾಕಿಕೊಳ್ಳುವಷ್ಟು ದೊಡ್ಡವಳಾಗಿದ್ದಾಳೆ. ನನ್ನ ಕಥೆ ಅವಳಿಗೂ ಗೊತ್ತು. ಕ್ಲಿನಿಕ್‌ಗೆ ಬಂದಾಗಲೆಲ್ಲ ಕುರ್ಚಿಯ ಹತ್ತಿರ ನಿಂತು, ಬಾಯಿ ಅಗಲಿಸಿ, ನನ್ನ ಮುಖದ ಮೇಲೆ "ಹಾ" ಎಂದು ಊದುತ್ತಾಳೆ.

"ಏನಾದ್ರೂ ಬಂತಾ ಡಾಕ್ಟ್ರಾಂಟಿ?"

"ಏನೂ ಇಲ್ಲ ಕಣೇ," ಎನ್ನುತ್ತೇನೆ. ಅವಳು ಗೆದ್ದವಳ ಹಾಗೆ ನಗುತ್ತಾಳೆ. ಏನೂ ಬಾರದಿರುವುದು ಅವಳ ಆರೋಗ್ಯದಿಂದಲೋ ನನ್ನ ಸತ್ತ ಮೂಗಿನಿಂದಲೋ ನನಗೆ ತಿಳಿಯುವುದಿಲ್ಲ. ಅದಕ್ಕೇ, ಅವಳ ನಗು ಮುಗಿಯುವ ಮೊದಲೇ, "ಎಲ್ಲಿ, ಬೆರಳು ಕೊಡು" ಎನ್ನುತ್ತೇನೆ.